ಬೆನ್ನ ಹಿಂದಿನ ಹಲಗೆ

ಇದನ್ನು ಕೇಳಿದವರೆಲ್ಲ ಗಾಡಿ ಮಾರಿಬಿಡು ಅನ್ನುತ್ತಾರೆ. ರೋಣದ ಅಂದಾನಪ್ಪ ನಾನು, ಇನ್ನೂ ಮಾರಿಲ್ಲ.

೧೯೫೩ರಲ್ಲಿ ಹರಾಜಿನಲ್ಲಿ ಕೊಂಡದ್ದು, ಗಾಯಾಳುಗಳನ್ನು ಹೊತ್ತು ಹಳತಾದ ಮಿಲಿಟರಿ ವ್ಯಾನು. ಒಳಗೆ ಹಾಸಿಗೆ, ಒಲೆ ಹೂಡಿಕೊಂಡು ಹೆಂಡತಿ ರೇಣುಕವ್ವನೊಂದಿಗೆ ಅದರಲ್ಲೇ ಇರುತ್ತಿದ್ದೆ. ಸಂತೆಯಿಂದ ಸಂತೆಗೆ ಗಜೇಂದ್ರಗಡದ ಸೀರೆ ಮಾರುತ್ತಿದ್ದೆವು. ರೇಡಿಯೇಟರ್ ಸೋರಿದರೆ ಅರಿಷಿಣ ಸುರಿದೆ, ಪೆಟ್ರೋಲ್ ಟಾಕಿ ಸೋರಿದರೆ ಸಾಬೂನು ಮೆತ್ತಿದೆ. “ಮೋಡಕಾ ಗುಜರಿಯಾಂವಗ ಕೊಟ್ಟು ಕೈ ತೊಳಕೊ” ಎಂದು ಅಣ್ಣ ಅಂದಷ್ಟೂ ನನ್ನ ಹಟ ಹೆಚ್ಚಿತು.

ಆದರೆ ನಿಜವಾದ ಕಾಟ ಬೇರೆಯೇ ಇತ್ತು. ಯಾವಗಲ್ ಊರಿನ ದಾರಿ ಹಿಡಿದರೆ ಸಾಕು, ನನ್ನ ಬೆನ್ನ ಹಿಂದಿನ ಅಡ್ಡಹಲಗೆಯನ್ನು ಹಾಸಿಗೆಯ ಕಡೆಯಿಂದ ಯಾರೋ ಎರಡು ಸಲ ಬಡಿಯುತ್ತಿದ್ದರು, ಗಾಡಿ ನಿಲ್ಲಿಸು ಎನ್ನುವಂತೆ. ನಿಲ್ಲಿಸಿ ನೋಡಿದರೆ ಯಾರೂ ಇಲ್ಲ. ಸುಡುವ ಮಧ್ಯಾಹ್ನದಲ್ಲೂ ಹಾಸಿಗೆ ತಣ್ಣಗಿರುತ್ತಿತ್ತು, ದವಾಖಾನೆಯ ವಾಸನೆ ಹೊಡೆಯುತ್ತಿತ್ತು. ಹಾಗೆ ನಿಲ್ಲಿಸಿದ ಗಾಡಿ ಮತ್ತೆ ಚಾಲೂ ಆಗುವಷ್ಟರಲ್ಲಿ ಸಂತೆಯೇ ಮುಗಿದಿರುತ್ತಿತ್ತು.

ಒಂದು ದಿನ ರೇಗಿ ಹಲಗೆಯನ್ನೇ ಕಿತ್ತು, ಒಡೆದು, ಒಲೆಗೆ ಹಾಕಿದೆ. ಅದರ ಉರಿಯಲ್ಲೇ ಚಹಾ ಕಾಸಿ ಕುಡಿದೆವು.

“ಇನ್ನ ಎಲ್ಲಿ ಬಡೀತಿ, ಬಡಿ ನೋಡೂಣು” ಎಂದು ಖಾಲಿ ಗಾಡಿಗೆ ಕೇಳುವಂತೆ ಅಂದೆ.

ಮರುದಿನ ಅದೇ ದಾರಿಯಲ್ಲಿ ಪೆಟ್ಟು ನೇರ ನನ್ನ ಬೆನ್ನಿಗೇ ಬಿತ್ತು. ಎರಡು ಸಲ. ಬಾವಿಯ ನೀರಿನಂತೆ ತಣ್ಣನೆಯ ಕೈಗೆಣ್ಣು. ಕಾಲು ತಾನಾಗಿ ಬ್ರೇಕಿನತ್ತ ಹೋಯಿತು.

ಪಕ್ಕದಲ್ಲಿ ಕೂತಿದ್ದ ರೇಣುಕವ್ವ ದಾರಿಯಿಂದ ಕಣ್ಣು ತೆಗೆಯಲಿಲ್ಲ.

“ನಿಲ್ಲಸಬ್ಯಾಡ್ರಿ. ಹಲಗಿ ಇದ್ದಾಗೂ ನನಗ ಬೆನ್ನಿಗೇ ಬಡೀತಿತ್ತು. ನಾ ಎಂದಾರ ಗಾಡಿ ಬಿಟ್ಟು ಇಳದೇನೇನ್ರಿ?”