ಗೋಡೆ ಸುತ್ತಿ ಬರಬೇಡಿ

“ರೀ ಇಂಜಿನಿಯರ್ ಸಾಹೇಬ್ರೇ! ಗೋಡೆ ಸುತ್ತಿ ಯಾಕ್ರೀ ಬರ್ತೀರ? ಬಾಗಿಲು ಕಾಣಲ್ವಾ?”

ಅಜ್ಜಿ ಗದರಿದ ರಭಸಕ್ಕೆ ಇಂಜಿನಿಯರ್ ಕೈಯಲ್ಲಿದ್ದ ಟೀ ತುಳುಕಿತು. ಪಾಪ, ಅವರು ತೆಪ್ಪಗೆ ಹಿಂದಕ್ಕೆ ಹೋಗಿ ಬಾಗಿಲಿನಿಂದಲೇ ಒಳಗೆ ಬಂದರು. ಒಳಗೆ ಅಂದರೆ ಎಲ್ಲಿಗೆ? ಬಟಾಬಯಲಿಗೆ!

ಹಳೇ ಲೈಬ್ರರಿಯನ್ನು ಹೋದ ವಾರವೇ ಜೆಸಿಬಿ ಕೆಡವಿ ಹಾಕಿತ್ತು. ಅಲ್ಲಿ ಕಾರ್ ಪಾರ್ಕಿಂಗ್ ಬರುತ್ತದಂತೆ. “ಮುಂದಿನ ಗೋಡೆ ಬಹಳ ಹಳೇದು, ಮುಟ್ಟಬೇಡಿ” ಎಂದು ದೊಡ್ಡ ಆಫೀಸಿನವರು ಹೇಳಿದ್ದರಿಂದ ಅದೊಂದು ಮಾತ್ರ ಉಳಿದಿತ್ತು. ಹಿಂದಿನ ಗೋಡೆಯೇನು ನಿನ್ನೆ ಮೊನ್ನೆಯದೇ? ಕೇಳುವವರು ಯಾರು!

ಉಳಿದ ಗೋಡೆಯಲ್ಲಿ ಬಾಗಿಲಿತ್ತು. ಆ ಬಾಗಿಲು ಕಾಯುವುದೇ ಚಿನಕುರುಳಿಯ ಅಜ್ಜಿಯ ಕೆಲಸ. “ಬರಬೇಡ ಅಂತ ನಂಗ್ಯಾರೂ ಹೇಳಿಲ್ಲ” ಎಂದು ಅಜ್ಜಿ ದಿನವೂ ಬಂದು ಬೀಗ ತೆಗೆಯುತ್ತಿದ್ದಳು.

ಮೊಮ್ಮಗಳು ಚಿನಕುರುಳಿಗೆ ನಾಚಿಕೆಯಾಗಿ ಸಾಕಾಗಿತ್ತು. ಇವತ್ತು ಸ್ಕೂಲಿಂದ ಬರುವಾಗ ಗೆಳತಿ ಉದ್ದಜಡೆ ಬೇರೆ ಜೊತೆಗಿದ್ದಳು.

“ನಿಮ್ಮಜ್ಜಿ ಅಲ್ವೇನೇ ಅದು? ಗಾಳಿಗೆ ಬೀಗ ಹಾಕ್ತಾರಾ?” ಎಂದು ಉದ್ದಜಡೆ ಬಿದ್ದು ಬಿದ್ದು ನಕ್ಕಳು.

ಅಷ್ಟರಲ್ಲಿ ಜೆಸಿಬಿ ಡ್ರೈವರ್ ಬಂದ. ಹೆಲ್ಮೆಟ್ ತೆಗೆದು, ಕಾಲೊರೆಸಿಕೊಂಡು, ಬಾಗಿಲಲ್ಲಿ ನಿಂತ.

“ಅಮ್ಮಾ, ಆರ್ಡರ್ ಬಂತು. ನಾಳೆ ಈ ಗೋಡೆನೂ...”

“ಶ್! ಮೆಲ್ಲಗೆ ಮಾತಾಡಪ್ಪ, ಲೈಬ್ರರಿ ಇದು. ನಾಳೆ ತಾನೇ? ಇವತ್ತು ಇವತ್ತೇ.”

ಹಾಗೆಂದ ಅಜ್ಜಿ ಸ್ಟೂಲಿನ ಮೇಲೆ ಕೂತು, ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಂಡಳು. ಆದರೆ ಚಿನಕುರುಳಿಗೆ ಕಂಡೇಬಿಟ್ಟಿತು.

ಅವಳು ನೇರ ಬಾಗಿಲಿಗೆ ಹೋದಳು. “ಅಜ್ಜಿ, ಮಕ್ಕಳು ಎಲ್ಲಿ ಕೂತು ಓದೋದು?”

ಅಜ್ಜಿ ಒಂದು ಕ್ಷಣ ಮೊಮ್ಮಗಳ ಮುಖವನ್ನೇ ನೋಡಿದಳು. “ಎಡಗಡೆ, ಕಿಟಕಿ ಪಕ್ಕ. ಕಾಲೊರೆಸ್ಕೊಂಡು ಹೋಗು.”

ಕಿಟಕಿಯೇ ಇಲ್ಲದ ಕಿಟಕಿ ಪಕ್ಕ, ಒಂದು ಇಟ್ಟಿಗೆಯ ಮೇಲೆ ಕೂತು ಚಿನಕುರುಳಿ ಪುಸ್ತಕ ತೆರೆದಳು. ಉದ್ದಜಡೆ ಹೊರಗೆ ನಿಂತು ತಲೆ ಕೆರೆದುಕೊಂಡಳು. ಒಬ್ಬಳೇ ಎಷ್ಟು ಹೊತ್ತು ಅಂತ ನಗುವುದು?

“ಅಜ್ಜೀ, ನಾನೂ ಬರ್ಲಾ?” ಎಂದು ಪಿಸುಗುಟ್ಟಿದಳು.

ಸಂಜೆ ಅಜ್ಜಿ ಗಂಟೆ ಬಾರಿಸಿದಳು. ಎಲ್ಲರೂ ಬಾಗಿಲಿನಿಂದ ಹೊರಗೆ ಬಂದರು, ಇಂಜಿನಿಯರ್ ಕೂಡ. ಅಜ್ಜಿ ಬೀಗ ಹಾಕಿ, ಜಗ್ಗಿ ನೋಡಿ, ಕೀಲಿಯನ್ನು ಚೀಲಕ್ಕೆ ಹಾಕಿಕೊಂಡಳು.

ರಸ್ತೆ ದಾಟುವಾಗ ಚಿನಕುರುಳಿ ಗಕ್ಕನೆ ನಿಂತಳು. “ಅಯ್ಯೋ, ನನ್ನ ಬ್ಯಾಗ್!”

ಬ್ಯಾಗು ಇಟ್ಟಿಗೆಯ ಪಕ್ಕದಲ್ಲೇ ಇತ್ತು. ಗೋಡೆಯ ಆ ತುದಿಯಿಂದ ಚೆನ್ನಾಗಿ ಕಾಣುತ್ತಿತ್ತು. “ಇರು, ತರ್ತೀನಿ” ಎಂದು ಉದ್ದಜಡೆ ಅತ್ತ ಓಡಿದಳು.

ಚಿನಕುರುಳಿ ಅವಳ ಜಡೆ ಹಿಡಿದು ನಿಲ್ಲಿಸಿದಳು.

“ಅಜ್ಜಿ, ಬ್ಯಾಗ್ ಒಳಗೇ ಉಳೀತು. ಬೀಗ ತೆಗೀತೀಯಾ?”

“ಮರೆಗುಳಿ! ನಿನ್ನಿಂದ ಎಷ್ಟು ಸಲ ಬೀಗ ತೆಗೀಬೇಕೋ!” ಎಂದು ಬೈಯುತ್ತಾ, ನಗುತ್ತಾ, ಅಜ್ಜಿ ಕೀಲಿ ಹುಡುಕತೊಡಗಿದಳು.