ರಾಮಕ್ಕನ ಕೂಗಿನ ರೀಮಿಕ್ಸ್

"ನಿಲ್ಸಿ... ಇದನ್ನ ಮೊದ್ಲು ನಿಲ್ಸಿ."

ಭಾನು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಕೇಳಿಸುವ ಹಾಗೂ ಇರಲಿಲ್ಲ. ಹೊಸೂರಿನ ಮೂಕಂಡಪಲ್ಲಿಯ ಆ ಮನೆಯ ಮಹಡಿ ಮೇಲೆ ಎರಡು ದೊಡ್ಡ ಸ್ಪೀಕರುಗಳು ಎದೆಗೂಡಿಗೇ ಗುದ್ದುತ್ತಿದ್ದವು. ಗೆಳತಿ ಸಹನಾಳ ಹುಟ್ಟುಹಬ್ಬ. ಕಾಲೇಜಿನ ಅರ್ಧ ಕ್ಲಾಸು ಅಲ್ಲೇ ಇತ್ತು. ಎಲ್ಲರ ಕೈಗಳೂ ಮೇಲೆ, ಎಲ್ಲರ ಕಣ್ಣುಗಳೂ ಅರ್ಧ ಮುಚ್ಚಿದ್ದವು.

ಸ್ವಲ್ಪ ಹೊತ್ತಿನ ಹಿಂದೆ ಭಾನುವೂ ಹಾಗೇ ಕುಣಿಯುತ್ತಿದ್ದಳು.

ಬೀಟ್ ಏರಿತ್ತು. ಏರಿತ್ತು. ಇನ್ನೇನು ಸಿಡಿಯಬೇಕು ಅನ್ನುವಾಗ ಸದ್ದೆಲ್ಲ ಗಪ್ಪನೆ ನಿಂತಿತ್ತು. ಯಾರೋ ಸಣ್ಣಗೆ ಉಸಿರೆಳೆದ ಶಬ್ದ. ಆಮೇಲೆ ಒಂದು ಹೆಂಗಸಿನ ಕೂಗು...

"ಹೋ... ಬಂದ್ವೋ... ತೋಪಿನ್ ಕಡೆ ಬಂದ್ವೋ..."

ಅದರ ಬೆನ್ನಿಗೇ ಧಡ್ ಅಂತ ಬೇಸ್!

ಭಾನುವಿನ ಕೈ ಗಾಳಿಯಲ್ಲೇ ಕಲ್ಲಾಯಿತು.

ಅದು ಅವಳ ಅಜ್ಜಿಯ ದನಿ! ಜವಳಗಿರಿಯ ರಾಗಿ ಹೊಲದಲ್ಲಿ, ಅಟ್ಟಣೆ ಮೇಲೆ ಕಾವಲು ಕೂತ ರಾಮಕ್ಕ ಆನೆ ಕಂಡಾಗ ಕೂಗುವ ಕೂಗು. ಅದು ಕಿವಿಗೆ ಬಿದ್ದರೆ ಊರಿನ ಗಂಡಸರೆಲ್ಲ ಉಣ್ಣುವ ತಟ್ಟೆ ಬಿಟ್ಟು, ಪಂಜು ತಮಟೆ ಹಿಡಿದು ಓಡುತ್ತಾರೆ. ಚಿಕ್ಕಂದಿನಿಂದ ಅದನ್ನು ಕೇಳಿದಾಗೆಲ್ಲ ಭಾನು ಹೆದರಿ, ಕೈಯಲ್ಲಿದ್ದದ್ದನ್ನು ಬಿಟ್ಟು ಬಾಗಿಲಿಗೆ ಓಡುತ್ತಾಳೆ.

ಇಲ್ಲಿ ಅದಕ್ಕೆ ಜನ ಸೊಂಟ ಕುಣಿಸುತ್ತಿದ್ದಾರೆ.

"ಸೆಮ್ಮಯಾ, ಸೂಪರಾಗೈತಲ್ಲ?" ಸಹನಾ ಅವಳ ಕಿವಿಯಲ್ಲಿ ಕಿರುಚಿದಳು. "ಆ ಉಸಿರು ಬಂದಾಗ ಮೈ ಜುಂ ಅಂತೈತೆ ಕಣೇ."

ಭಾನು ಅವಳ ಕೈ ಕೊಡವಿಕೊಂಡಳು. ಗುಂಪನ್ನು ತಳ್ಳಿಕೊಂಡು ಲ್ಯಾಪ್‌ಟಾಪ್ ಇಟ್ಟಿದ್ದ ಮೇಜಿನ ಹತ್ತಿರ ಹೋದಳು. ಸ್ಪೀಕರಿನ ವೈರು ಹಿಡಿದು ಎಳೆದೇಬಿಟ್ಟಳು.

ಮಹಡಿಯೆಲ್ಲ ಒಮ್ಮೆಗೇ ನಿಶ್ಶಬ್ದ. ಕುಣಿಯುತ್ತಿದ್ದವರು ಕೈ ಎತ್ತಿದಂತೆಯೇ ನಿಂತರು.

ಮೇಜಿನ ಹಿಂದಿದ್ದ ಹುಡುಗ ನಿಧಾನವಾಗಿ ಹೆಡ್‌ಫೋನ್ ತೆಗೆದ. ತೆಳ್ಳಗಿನ ಮುಖ. ಫ್ಯಾಕ್ಟರಿಯ ಶಿಫ್ಟು ಮುಗಿಸಿ ನೇರ ಬಂದಿರಬೇಕು, ಜೇಬಿನಲ್ಲಿ ಗುರುತಿನ ಚೀಟಿಯ ದಾರ ಇಣುಕುತ್ತಿತ್ತು. ಲ್ಯಾಪ್‌ಟಾಪಿನ ಮೇಲೆ ಅಂಟಿಸಿದ್ದ ಸ್ಟಿಕ್ಕರ್ ನೋಡಿ ಭಾನುವಿಗೆ ಇನ್ನೊಂದು ಏಟು ಬಿತ್ತು.

'ಹೊಸೂರ್ ಡ್ರಾಪ್'!

ಪ್ರತಿ ಶುಕ್ರವಾರ ಹೊಸ ರೀಮಿಕ್ಸ್ ಹಾಕುವ ಚಾನೆಲ್. ಜವಳಗಿರಿಯಿಂದ ಹೊಸೂರಿಗೆ ಬರುವ ಬಸ್ಸಿನಲ್ಲಿ, ಇಯರ್‌ಫೋನ್ ಸಿಕ್ಕಿಸಿಕೊಂಡು, ಕಿಟಕಿಗೆ ಒರಗಿ ಅವಳು ಕೇಳುತ್ತಿದ್ದದ್ದು ಇವನನ್ನೇ. ಯುವಿ ಅನ್ನುವ ಹೆಸರು ಬಿಟ್ಟರೆ ಮುಖ ಕಂಡಿರಲಿಲ್ಲ. ಎಂದಾದರೂ ಎದುರು ಸಿಕ್ಕರೆ ಏನು ಹೇಳಬೇಕೆಂದು ಎಷ್ಟೋ ಸಲ ಮನಸ್ಸಿನಲ್ಲೇ ಮಾತು ಜೋಡಿಸಿದ್ದಳು.

ಆ ಮಾತು ಒಂದೂ ಬಾಯಿಗೆ ಬರಲಿಲ್ಲ.

"ಅದು ನಮ್ಮಜ್ಜಿ ದನಿ," ಅಂದಳು. "ಎಲ್ಲಿಂದ ಕದ್ರಿ?"

ಅವನ ಕಣ್ಣುಗಳು ಅಗಲವಾದವು. ಹೆದರಿಕೆಯಿಂದ ಅಲ್ಲ.

"ನೀವು... ಭಾನು ಅಲ್ವಾ?"

ಇವನಿಗೆ ನನ್ನ ಹೆಸರು ಹೇಗೆ ಗೊತ್ತು?!

ಅವನು ತಡವರಿಸುತ್ತ ಹೇಳಿದ. ಅವನ ಪೂರ್ತಿ ಹೆಸರು ಯುವರಾಜ್. ಅಪ್ಪ ಲಕ್ಷ್ಮೀಪತಿ ಫ್ಯಾಕ್ಟರಿ ವ್ಯಾನ್ ಓಡಿಸುತ್ತಾರೆ, ಜವಳಗಿರಿ ಕಡೆಯ ಕೆಲಸಗಾರರನ್ನು ಕರೆತಂದು ಬಿಡುತ್ತಾರೆ. ಹಾಗಾಗಿ ಆನೆ ಬಂದರೆ ಎಚ್ಚರಿಸುವ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಅಪ್ಪನ ನಂಬರೂ ಇದೆ. ಆ ಗ್ರೂಪಿನಲ್ಲಿ ಬಂದ ವಾಯ್ಸ್ ಮೆಸೇಜೇ ಈ ಕೂಗು.

ಎಳೆದ ವೈರು ಭಾನುವಿನ ಕೈಯಿಂದ ಜಾರಿತು.

ಅದನ್ನು ಗ್ರೂಪಿಗೆ ಹಾಕಿದ್ದು ಅವಳೇ! ಅವಳ ಹೆಸರು, ನಂಬರು ಎರಡೂ ಅಲ್ಲಿ ಕಾಣುತ್ತವೆ. ಅಜ್ಜಿಯ ಕೂಗು ಹೊಲ ದಾಟಿ ರಸ್ತೆಗೆ ಕೇಳುವುದಿಲ್ಲ. ವ್ಯಾನು ಓಡಿಸುವವರು ಮೆಸೇಜು ಓದುವಂತಿಲ್ಲ. ಅದಕ್ಕೇ ಒಂದು ಸಂಜೆ ಅಟ್ಟಣೆ ಮೇಲೆ ಅಜ್ಜಿಯ ಪಕ್ಕ ಕೂತು ಕೂಗನ್ನು ರೆಕಾರ್ಡ್ ಮಾಡಿಕೊಂಡಿದ್ದಳು. ಆನೆ ಬಂದಾಗೆಲ್ಲ ಅದನ್ನೇ ಗ್ರೂಪಿಗೆ ಬಿಡುತ್ತಾಳೆ. ಆ ಸಲ ನಿಜಕ್ಕೂ ಯಾವ ಕಡೆ ಬಂದಿವೆ ಅನ್ನುವುದನ್ನು ಆಮೇಲೆ ತನ್ನ ದನಿಯಲ್ಲಿ ಹೇಳುತ್ತಾಳೆ. ಕೂಗು ಕೇಳಿದ ಡ್ರೈವರು ಇದ್ದಲ್ಲೇ ವ್ಯಾನು ನಿಲ್ಲಿಸುತ್ತಾನೆ.

"ಆ ಕೂಗು ಬಂದ್ರೆ ನಮ್ಮಪ್ಪ ಊಟ ಮಾಡ್ತಿದ್ರೂ ಎದ್ ನಿಂತ್ಕೊತಾರೆ," ಯುವರಾಜ್ ಅಂದ. "ಅಷ್ಟು ಶಕ್ತಿ ನಾನು ಯಾವ ಸೌಂಡಲ್ಲೂ ನೋಡಿಲ್ಲ. ಎಲ್ಲಾರೂ ಕೇಳ್ಲಿ ಅಂತ..."

"ನಿಮ್ಗೆ ಅದು ಸೌಂಡು. ನಮ್ಗೆ ಅದು ಜೀವ."

ಅಷ್ಟು ಹೇಳಿ ಭಾನು ಮೆಟ್ಟಿಲಿಳಿದು ಹೋದಳು. ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಮೆಸೇಜು ಬಂತು. 'ನಾನು ಯುವರಾಜ್, ಸಾರಿ' ಅಂತಿತ್ತು. ಮುಂದಿನದನ್ನು ಓದದೇ ಬ್ಲಾಕ್ ಮಾಡಿದಳು. ಕಣ್ಣೀರು ಯಾಕೆ ಬಂತೋ ಅವಳಿಗೇ ತಿಳಿಯಲಿಲ್ಲ. ಅಜ್ಜಿಗಾಗಿಯೋ... ಜೋಡಿಸಿಟ್ಟ ಆ ಮಾತುಗಳಿಗಾಗಿಯೋ...

*

ಅಜ್ಜಿಗೆ ಹೇಳಿದರೆ ಅಜ್ಜಿ ಬಾಯಿಗೆ ಸೆರಗಡ್ಡ ಹಿಡಿದು ನಕ್ಕಳು.

"ನನ್ ಕೂಗಿಗೆ ಕುಣೀತಾವಾ? ಅವ್ಕೇನ್ ಬಂದೈತೆ ರೋಗ?"

ಆದರೆ ಆ ಟ್ರ್ಯಾಕು ಭಾನುವಿಗಿಂತ ಮೊದಲೇ ಜವಳಗಿರಿ ಸೇರಿತ್ತು. ಒಂದು ಫೋನಿನಿಂದ ಇನ್ನೊಂದಕ್ಕೆ, ಒಂದು ಗ್ರೂಪಿನಿಂದ ಮತ್ತೊಂದಕ್ಕೆ. ಟ್ರ್ಯಾಕ್ಟರ್ ಓಡಿಸುವ ಮುನೀಶ್ ಸೀಟಿನ ಹಿಂದೆ ದೊಡ್ಡ ಸ್ಪೀಕರ್ ಕಟ್ಟಿಸಿಕೊಂಡಿದ್ದ. ಅವನಿಗೆ ಹೆಮ್ಮೆಯೋ ಹೆಮ್ಮೆ. ನಮ್ಮೂರ ಅಜ್ಜಿ ಈಗ ಫೇಮಸ್ಸು ಅಂತ ಹೋದಲ್ಲೆಲ್ಲ ಅದನ್ನೇ ಹಾಕುತ್ತಿದ್ದ.

ಮೊದಲ ಸಂಜೆ ಟ್ರ್ಯಾಕ್ಟರಿನಿಂದ ಬಂದ ಆ ಕೂಗಿಗೇ ಜನ ಪಂಜು ಹಿಡಿದು ಓಡಿಬಂದರು. ಬೈದರು, ನಕ್ಕರು, ವಾಪಸ್ ಹೋದರು. ಮರುದಿನ ಬಾಗಿಲವರೆಗೆ ಬಂದು ಇಣುಕಿದರು. ಆಮೇಲೆ ಇಣುಕುವುದನ್ನೂ ಬಿಟ್ಟರು.

ಅದನ್ನು ಗಮನಿಸಿದವಳು ರಾಮಕ್ಕ ಒಬ್ಬಳೇ. ನಗು ನಿಲ್ಲಿಸಿದ್ದಳು.

ಅದಾಗಿ ಕೆಲವೇ ದಿನಕ್ಕೆ, ಹೊತ್ತು ಮುಳುಗುವ ಸಮಯ. ಭಾನು ಒಲೆ ಮುಂದೆ ಮುದ್ದೆಗೆ ಎಸರಿಟ್ಟಿದ್ದಳು. ದೂರದಿಂದ ತೇಲಿ ಬಂತು.

"ಹೋ... ಬಂದ್ವೋ..."

ಮತ್ತೆ ಶುರು ಮಾಡಿದ ಮುನೀಶ! ದೂರಕ್ಕೆ ಬೀಟು ಕೇಳಿಸುತ್ತಿಲ್ಲ, ಅಷ್ಟೇ. ಭಾನುವಿಗೆ ಮೈಯೆಲ್ಲ ಉರಿಯಿತು. ಪಕ್ಕದ ಮನೆಯ ಜಗಲಿಯಿಂದ ಕೊಂಡಪ್ಪ ನಗುವುದು ಕೇಳಿಸಿತು. "ಬಂತಪ್ಪಾ ನಮ್ ರಾಮಕ್ಕನ ಡಿಜೆ."

ಮತ್ತೆ ಕೂಗು. ಮತ್ತೆ.

ಇದಕ್ಕೆಲ್ಲ ಕಾರಣ ಅವನೇ. ಭಾನು ಫೋನ್ ತೆಗೆದು ಆ ನಂಬರಿನ ಬ್ಲಾಕ್ ಬಿಡಿಸಿ, ಅಂಗಳಕ್ಕೆ ಬಂದು ಕರೆ ಮಾಡಿದಳು. ಅವನು ತಕ್ಷಣ ಎತ್ತಿದ. ಅವನಿಗೆ ಹಲೋ ಅನ್ನಲೂ ಬಿಡಲಿಲ್ಲ. ನಿಮ್ಮ ಹಾಡಿನಿಂದ ನಮ್ಮೂರಲ್ಲಿ ಅಜ್ಜಿ ಕೂಗಿಗೆ ಬೆಲೆ ಇಲ್ಲದಂಗಾಯ್ತು, ಈಗಲೂ ಹಾಕಿದ್ದಾರೆ, ಬೇಕಿದ್ದರೆ ನೀವೇ ಕೇಳಿಸಿಕೊಳ್ಳಿ ಅಂತ ಬಡಬಡಿಸಿ ಫೋನನ್ನು ಗಾಳಿಗೆ ಹಿಡಿದಳು.

ಮತ್ತೆ ಕಿವಿಗೆ ಹಿಡಿದಾಗ ಆ ಕಡೆ ಮೌನ.

"ಏನು, ಮಾತು ಬರ್ತಿಲ್ವಾ?"

"ಭಾನು." ಅವನ ದನಿ ಪೂರ್ತಿ ಬದಲಾಗಿತ್ತು. "ಅದು ನನ್ ಟ್ರ್ಯಾಕಲ್ಲ."

"ಸುಳ್ಳು ಹೇಳ್ಬೇಡಿ..."

"ಕೂಗಿಗೂ ಕೂಗಿಗೂ ಮಧ್ಯೆ ಅಜ್ಜಿ ಉಸಿರು ಎಳ್ಕೊತಾವ್ರೆ, ಕೇಳು. ಬೀಟಿಗೆ ಕೂರಲ್ಲ ಅಂತ ನಾನು ಆ ಉಸಿರೆಲ್ಲ ಕತ್ತರಿಸಿ ಹಾಕಿದೀನಿ. ನನ್ ಹಾಡಲ್ಲಿ ಅಜ್ಜಿ ಉಸಿರಾಡಲ್ಲ. ಇದು ಹಾಡಲ್ಲ ಭಾನು. ಅವ್ರು ನಿಜವಾಗ್ಲೂ ಕೂಗ್ತಾವ್ರೆ. ಓಡು!"

ಭಾನು ಕಿವಿಗೊಟ್ಟಳು.

ಕೂಗು. ಆಮೇಲೆ ಒಂದು ಚೂರು ಖಾಲಿ. ಎಳೆದು ಎಳೆದು ಸೋತ ಉಸಿರು. ಮತ್ತೆ ಕೂಗು, ಈ ಸಲ ಒಡೆದ ದನಿಯಲ್ಲಿ...

ಅಯ್ಯೋ ದೇವರೇ!

ಕೈಗೆ ಸಿಕ್ಕಿದ ಹಿತ್ತಾಳೆ ತಟ್ಟೆಯನ್ನು ಸೌಟಿನಿಂದ ಬಡಿಯುತ್ತ ಬೀದಿಗೆ ಓಡಿದಳು. ಹಾಡಲ್ಲ, ಹಾಡಲ್ಲ ಅಂತ ಅರಚುತ್ತಿದ್ದಳು. ಕೊಂಡಪ್ಪನ ನಗು ಅರ್ಧಕ್ಕೇ ನಿಂತಿತು. ಬಾಗಿಲುಗಳು ತೆರೆದವು. ಪಂಜುಗಳು ಹೊತ್ತಿಕೊಂಡವು. ಮುನೀಶ್ ಟ್ರ್ಯಾಕ್ಟರನ್ನು ನೇರ ಹೊಲಕ್ಕೇ ನುಗ್ಗಿಸಿ ದೀಪ ಹಾಯಿಸಿದ. ಅವನ ಸ್ಪೀಕರ್ ಆಫಾಗಿತ್ತು. ಬೆಳಗಿನಿಂದಲೂ ಆಫಾಗಿಯೇ ಇತ್ತು.

ಬೆಳಕಿನಲ್ಲಿ ಎಲ್ಲ ಕಂಡಿತು. ಒಂಟಿ ಆನೆ ಅಟ್ಟಣೆಯ ಬುಡದಲ್ಲಿತ್ತು. ಒಂದು ಕಂಬ ಆಗಲೇ ಮುರಿದು ವಾಲಿತ್ತು. ಮೇಲೆ ಅಜ್ಜಿ, ಮಿಕ್ಕ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು...

ತಮಟೆ, ಪಟಾಕಿ, ಬೆಂಕಿ. ಆನೆ ಕಿವಿ ಬೀಸಿ ನಿಂತಿತು. ಆಮೇಲೆ ರಾಗಿ ತುಳಿಯುತ್ತ ತೋಪಿನ ಕಡೆ ತಿರುಗಿತು.

ಅಜ್ಜಿಯನ್ನು ಎತ್ತಿ ಇಳಿಸಿದರು. ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಸುತ್ತ ನಿಂತವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು.

"ಯಾಕ್ರಲಾ... ಯಾರೂ ಬರ್ನಿಲ್ಲ?"

ಕೊಂಡಪ್ಪ ನೆಲ ನೋಡುತ್ತಿದ್ದ. ಭಾನು ಅಜ್ಜಿಯ ಮಡಿಲಿಗೆ ಮುಖ ಹುದುಗಿಸಿದಳು.

"ನಾನೂ ಬರ್ನಿಲ್ಲ ಅಜ್ಜಿ. ನಾನೂ ಹಾಡು ಅನ್ಕೊಂಡೆ."

ಭಾನು ದುಪಟ್ಟಾದ ಗಂಟಿಗೆ ಸಿಕ್ಕಿಸಿಕೊಂಡಿದ್ದ ಫೋನಿನಿಂದ ಸಣ್ಣದಾಗಿ ಒಂದು ದನಿ ಬರುತ್ತಿತ್ತು. ಭಾನು, ಭಾನು, ಅಜ್ಜಿ ಹೇಗಿದ್ದಾರೆ ಅಂತ. ಅವನು ಇಡೀ ಹೊತ್ತು ಕರೆ ಕಟ್ ಮಾಡದೇ ಹಿಡಿದಿದ್ದ.

*

ಮರುದಿನ ಬೆಳಗ್ಗೆ ಲಕ್ಷ್ಮೀಪತಿಯ ವ್ಯಾನಿನಿಂದ ಯುವರಾಜ್ ಇಳಿದ. ನಿದ್ದೆಯಿಲ್ಲದ ಕಣ್ಣು. ಬಂದವನೇ ಅಜ್ಜಿಯ ಕಾಲು ಮುಟ್ಟಿದ.

ಪಾರ್ಟಿಗೆ ಸ್ವಲ್ಪ ಮುಂಚೆಯಷ್ಟೇ ಚಾನೆಲ್ಲಿಗೆ ಹಾಕಿದ್ದ ಟ್ರ್ಯಾಕನ್ನು ಆ ದಿನವೇ ತೆಗೆದಿದ್ದನಂತೆ. ದಯವಿಟ್ಟು ಅಳಿಸಿ ಅಂತ ಗೊತ್ತಿದ್ದ ಗ್ರೂಪಿಗೆಲ್ಲ ಬರೆದನಂತೆ. ಆದರೂ ಯಾರ್ಯಾರೋ ಬೇರೆ ಬೇರೆ ಹೆಸರಿಟ್ಟು ಮತ್ತೆ ಮತ್ತೆ ಹಾಕುತ್ತಲೇ ಇದ್ದಾರಂತೆ. ಇದನ್ನೆಲ್ಲ ಅವನು ಭಾನುವಿಗೆ ಬರೆದಿದ್ದ. ಅವಳಿಗೆ ಅದು ತಲುಪಿರಲೇ ಇಲ್ಲ.

ಭಾನು ತುಟಿ ಕಚ್ಚಿಕೊಂಡಳು. ಇಷ್ಟು ದಿನ ಇವನನ್ನು ಎಷ್ಟು ಬೈದುಕೊಂಡೆ...

"ಬಿಟ್ಟ ಹಾಡನ್ನ ವಾಪಸ್ ಕರೆಯಕ್ಕಾಗ್ತಿಲ್ಲ ಅಜ್ಜಿ," ಅಂದ. ಕಣ್ಣು ತುಂಬಿತ್ತು. "ಏನ್ ಮಾಡ್ಲಿ ಹೇಳಿ, ಮಾಡ್ತೀನಿ."

ರಾಮಕ್ಕ ಬಿಸಿನೀರು ಗುಟುಕರಿಸಿದಳು. ದನಿ ಇನ್ನೂ ಗೊಗ್ಗರಾಗಿತ್ತು.

"ಹಳೇ ಕೂಗು ನೀವೇ ಇಟ್ಕೊಳಿ, ಕುಣ್ಕೊಳಿ. ನಾನು ಬ್ಯಾರೆ ಕೂಗ್ತೀನಿ. ಒಬ್ಬೊಬ್ರ ಹೆಸ್ರಿಡ್ದು ಕರೀತೀನಿ. ಕೊಂಡಪ್ಪಾ, ಮುನೀಶಾ, ಭಾನೂ ಅಂತ. ಹೆಸ್ರಿಡ್ದು ಕರೆದ್ರೂ ಹಾಡು ಅಂತ ಜಗಲಿ ಮ್ಯಾಲೆ ಕೂತಿರ್ತೀರಾ? ನೋಡೇಬುಡ್ತೀನಿ."

ಬೇಲಿಯಾಚೆ ಕೊಂಡಪ್ಪ ಕೆಮ್ಮಿದ.

"ನಿನ್ ಹೆಸ್ರೇನ್ಲಾ?" ಅಜ್ಜಿ ಕೇಳಿದಳು.

"ಯುವರಾಜ, ಅಜ್ಜಿ."

"ನಿಂದೂ ಸೇರಿಸ್ತೀನಿ. ಇವ್ಳು ಗ್ರೂಪಿಗೆ ಹಾಕ್ತಾಳೆ. ನಿನ್ ಹೆಸ್ರು ಕೇಳಿಸ್ದಾಗ ನೀನೂ ಬರ್ಬೇಕು, ಪಂಜು ಹಿಡ್ಕೊಂಡು."

ಅವನು ತಲೆಯಾಡಿಸಿದ.

ವ್ಯಾನಿನವರೆಗೆ ಕಳಿಸಿಬರಲು ಭಾನು ಜೊತೆಗೆ ನಡೆದಳು. ಲಕ್ಷ್ಮೀಪತಿ ಬೇಕೆಂದೇ ಇಂಜಿನ್ನಿನ ಮುಚ್ಚಳ ತೆರೆದು ತಲೆ ಒಳಗಿಟ್ಟು ನಿಂತಿದ್ದರು.

ತುಂಬ ಹೊತ್ತಿನಿಂದ ಕಾಡುತ್ತಿದ್ದದ್ದನ್ನು ಭಾನು ಕೇಳಿಯೇಬಿಟ್ಟಳು.

"ಉಸಿರೆಲ್ಲ ಕತ್ತರಿಸ್ದೆ ಅಂದ್ಯಲ್ಲ. ಮತ್ತೆ ಹಾಡಲ್ಲಿ ಕೂಗಿಗೆ ಮುಂಚೆ ಒಂದು ಉಸಿರು ಕೇಳಿಸ್ತೈತಲ್ಲ... ಅದ್ಯಾರ್ದು?"

ಯುವರಾಜ್ ಚಪ್ಪಲಿಯಿಂದ ಮಣ್ಣು ಕೆದಕಿದ.

"ರೆಕಾರ್ಡ್ ಮಾಡೋವಾಗ ಫೋನ್ ಹತ್ರ ಯಾರಿದ್ರು?"

ಭಾನುವಿನ ಕೆನ್ನೆ ಬಿಸಿಯಾಯಿತು. ಅವತ್ತು ಅಟ್ಟಣೆ ಮೇಲೆ, ಅಜ್ಜಿ ಬಾಯಿ ತೆರೆಯುವ ಮುಂಚೆ, ಕೂಗಿಗೆ ಹೆದರಿ ಉಸಿರೆಳೆದುಕೊಂಡವಳು ಅವಳೇ! ಊರೂರಲ್ಲಿ, ಪಾರ್ಟಿ ಪಾರ್ಟಿಯಲ್ಲಿ, ಜನ ಮೈಮರೆತು ಕಾಯುತ್ತಿದ್ದ ಆ ಉಸಿರು...

"ಅದನ್ಯಾಕೆ ಬಿಟ್ಟೆ?"

"ಅದನ್ನ ಕತ್ತರ್ಸಕ್ಕೆ ಆಗ್ಲಿಲ್ಲ ಭಾನು." ಅವನು ಈಗ ನೇರ ಅವಳನ್ನೇ ನೋಡಿದ. "ನಿನ್ ದನಿ ಕೇಳೋಕೇ ಅಪ್ಪನ ಫೋನ್ ಇಸ್ಕೊತಿದ್ದೆ. ಆನೆ ಕೆರೆ ಹತ್ರ ಐತೆ, ನಿಧಾನ್ವಾಗಿ ಬನ್ನಿ ಅಂತೀಯಲ್ಲ... ನಂಗೇ ಹೇಳ್ದಂಗಿರ್ತಿತ್ತು."

ಭಾನು ನಕ್ಕಳು. ನಗುವಾಗಲೇ ಕಣ್ಣಲ್ಲಿ ನೀರು ಬಂತು.

"ಇನ್ಮೇಲೆ ಅಪ್ಪನ ಫೋನಲ್ಲಿ ಕೇಳ್ಬೇಡ. ಬಂದು ಕೇಳು."

"ಬತ್ತೀನಿ. ಆನೆ ಇಲ್ದಿರೋ ದಿನ ಬತ್ತೀನಿ."

"ಜವಳಗಿರೀಲಿ ಆನೆ ಇಲ್ದಿರೋ ದಿನ ಎಲ್ಲೈತೆ?" ಅವಳು ವ್ಯಾನಿನ ಬಾಗಿಲು ತೆರೆದು ಹಿಡಿದಳು. "ಸುಮ್ನೆ ಬಾ."