ಅಟ್ಟ ಸಿಡಿದದ್ದು ಎಷ್ಟು ಸಲ?

ಬಸ್ಸಿನಿಂದ ಇಳಿಯುವ ಮೊದಲೇ ವರ್ಷಿಣಿಗೆ ಹೊಗೆ ಕಂಡಿತು. ಮಧ್ಯಾಹ್ನ ಮೂರೂವರೆ. ದಂಡಿನಶಿವರದ ತೆಂಗಿನ ತೋಟಗಳ ಮೇಲೆ ಕಪ್ಪಗೆ ಏಳುತ್ತಿತ್ತು — ಅದೂ ಶಂಭುಲಿಂಗಯ್ಯನವರ ಕೊಬ್ಬರಿ ಮನೆಯ ಕಡೆಯಿಂದಲೇ!

ತಿಪಟೂರಿನಿಂದ ತಂದಿದ್ದ ವಾಷರ್‌ಗಳ ಪೊಟ್ಟಣ ಕೈಯಲ್ಲಿತ್ತು. ಓಡುವಾಗ ಅದೆಲ್ಲಿ ಬಿತ್ತೋ ಅವಳಿಗೆ ತಿಳಿಯಲಿಲ್ಲ.

ಹೋಗಿ ನೋಡಿದರೆ ಕೊಬ್ಬರಿ ಮನೆಯ ಅಟ್ಟ ಉರಿದು ಕುಸಿದಿತ್ತು. ಜನ ಕೊಡ, ಬಕೆಟ್ಟು, ಪಂಪಿನ ಪೈಪು ಹಿಡಿದು ನೀರು ಹಾಕುತ್ತಿದ್ದರು. ಗೋಡೆಯ ಆಚೆ ಬದಿಗೆ ಅವಳ ಶೆಡ್ಡು. ಅದರ ಒಂದು ಮಗ್ಗುಲು ಕರಿ ಹಿಡಿದಿತ್ತು.

"ಬಂದ್ಲು ನೋಡ್ರಲಾ, ಗ್ಯಾಸಿನವ್ಳು!" ಯಾರೋ ಕೂಗಿದರು.

ಮೂರು ವರ್ಷದಿಂದ ಊರಿನಲ್ಲಿ ಅವಳಿಗೆ ಅದೇ ಹೆಸರು. ಶೆಟ್ಟಿಕೆರೆಯ ರೈತರ ಮಗಳು, ರಸಾಯನಶಾಸ್ತ್ರ ಓದಿದವಳು. ತೆಂಗಿನ ಚಿಪ್ಪನ್ನು ಬಿಸಿ ಹಬೆಯಲ್ಲಿ ಕಾಯಿಸಿ ಹೈಡ್ರೋಜನ್ ತೆಗೆಯುವುದು ಅವಳ ಸಂಶೋಧನೆ. ಉರಿದರೆ ಹೊಗೆಯಿಲ್ಲ, ಮಸಿಯಿಲ್ಲ, ಉಳಿಯುವುದು ನೀರಿನ ಆವಿ ಮಾತ್ರ. ಡೀಸೆಲ್ ಕುಡಿಯುತ್ತಿದ್ದ ಕಾಯಿ ಸುಲಿಯುವ ಯಂತ್ರವನ್ನು ಅದೇ ಗ್ಯಾಸಿನಲ್ಲಿ ಓಡಿಸಿ ತೋರಿಸಿದ್ದಳು. ಮೆಚ್ಚಿದವರು ಕೆಲವರು, ಹೆದರಿದವರು ಬಹಳ. 'ಒಂದಿನ ಊರನ್ನೇ ಹಾರಿಸ್ತಾಳೆ' ಎಂದು ಚಹದಂಗಡಿಯಲ್ಲಿ ಆಡಿಕೊಳ್ಳುತ್ತಿದ್ದವರಿಗೆ ಈಗ ಹಬ್ಬ.

ಉರಿದದ್ದು ಬರಿಯ ಅಟ್ಟವಲ್ಲ. ಅದರ ಮೇಲಿದ್ದದ್ದು ಅದೇ ಊರಿನ ತೆಂಗು ಬೆಳೆಗಾರ್ತಿ ಚಿಕ್ಕಗೌರಮ್ಮನ ಇಡೀ ವರ್ಷದ ಬೆಳೆ. ಹನ್ನೊಂದು ತಿಂಗಳು ಅಟ್ಟದ ಮೇಲೆ ಮಲಗಿ, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಚಿಪ್ಪಿನೊಳಗೆ ಉಂಡೆ ಕೊಬ್ಬರಿ ಗಿಟಗಿಟ ಎನ್ನುವ ಕಾಯಿ. ತನ್ನ ಮನೆಯಲ್ಲಿ ಜಾಗ ಸಾಲದೆ ಶಂಭುಲಿಂಗಯ್ಯನವರ ಅಟ್ಟದಲ್ಲಿ ಇಟ್ಟಿದ್ದಳು. ಈ ವಾರ ಇಳಿಸಬೇಕಿತ್ತು.

ಚಿಕ್ಕಗೌರಮ್ಮ ಅಳಲಿಲ್ಲ, ಬೈಯಲಿಲ್ಲ. ಖಾಲಿ ಕೊಡ ಹಿಡಿದು ವರ್ಷಿಣಿಯ ಮುಖವನ್ನೇ ನೋಡಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಮರುದಿನ ಬೆಳಿಗ್ಗೆ ಶಂಭುಲಿಂಗಯ್ಯನವರ ಜಗಲಿಯಲ್ಲಿ ಜನ ಸೇರಿದರು. ಶಂಭುಲಿಂಗಯ್ಯ ಅರವತ್ತು ದಾಟಿದ ಕೊಬ್ಬರಿ ವ್ಯಾಪಾರಿ. ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಊರೆಲ್ಲ ಬೇಡ ಎಂದಾಗ ಶೆಡ್ಡಿಗೆ ಜಾಗ ಕೊಟ್ಟವರೂ ಅವರೇ.

"ನೋಡಮ್ಮ," ಎಂದರು, ಒಂದು ಕಾಗದ ಮುಂದೆ ಸರಿಸಿ. "ಪೊಲೀಸು, ಕೋರ್ಟು ಅಂತ ನಿನ್ನ ಅಲೆಸೋಕೆ ನಂಗೆ ಮನಸ್ಸಿಲ್ಲ. ನಿನ್ನ ಮಿಷಿನ್ನಿಂದ್ಲೇ ಬೆಂಕಿ ಆಯ್ತು ಅಂತ ಬರ್ಸಿದೀನಿ. ಸೈನ್ ಹಾಕು, ಸಾಮಾನು ಕಟ್ಕೊಂಡು ಹೋಗು. ಅಲ್ಲಿಗೆ ಮುಗೀತು."

"ಹಾಕಲ್ಲ."

"ಏನು?"

"ಹಾಕಲ್ಲ ಅಂದೆ ಯಜಮಾನ್ರೇ. ನಿನ್ನೆ ಬೆಳಿಗ್ಗೆ ಎಂಟಕ್ಕೇ ಮಿಷಿನ್ ಆರಿಸಿ, ವಾಲ್ವ್ ಮುಚ್ಚಿ ತಿಪಟೂರಿಗೆ ಹೋಗಿದ್ದೆ. ಆರಿದ ಒಲೆ ಮನೆ ಸುಡುತ್ತಾ?"

"ಮತ್ತೆ ನಿನ್ ಗ್ಯಾಸಿನ ಟ್ಯಾಂಕು ಖಾಲಿ ಆಗೈತಲ್ಲ!" ಎಂದು ಎದ್ದವನು ಕಲ್ಲೇಶ್. ಊರಾಚೆ ಗುಂಡಿಗಳಲ್ಲಿ ಚಿಪ್ಪು ಸುಟ್ಟು ಇದ್ದಿಲು ಮಾಡುವವನು. ಚಿಪ್ಪೆಲ್ಲ ವರ್ಷಿಣಿಯ ಶೆಡ್ಡಿಗೆ ಹೋಗಲು ಶುರುವಾದ ಮೇಲೆ ಅವನ ಗುಂಡಿಗಳು ಅರ್ಧ ಮುಚ್ಚಿದ್ದವು.

"ಕಾವು ಜಾಸ್ತಿ ಆದ್ರೆ ತಾನಾಗೇ ತೆರೆಯೋ ವಾಲ್ವ್ ಒಂದಿದೆ. ಗ್ಯಾಸು ಕೊಳವೆಯಲ್ಲಿ ಮೇಲಕ್ಕೆ ಹೋಗ್ಬಿಡುತ್ತೆ. ಬೆಂಕಿ ಹತ್ತಿದ್ಮೇಲೆ ಟ್ಯಾಂಕು ಖಾಲಿ ಆಗಿದ್ದು. ಟ್ಯಾಂಕು ಖಾಲಿ ಆಗಿ ಬೆಂಕಿ ಹತ್ತಿದ್ದಲ್ಲ."

"ನೀನು ಹೇಳ್ದಂಗೆ ನಂಬ್ಬೇಕು, ಅಲ್ವಾ?"

"ನಂಬಬೇಡ ಕಲ್ಲೇಶಣ್ಣ. ಯಾರೂ ನಂಬಬೇಡಿ." ವರ್ಷಿಣಿ ಮೊಬೈಲ್ ತೆಗೆದಳು. "ಹಲೋ, ಪೊಲೀಸ್ ಠಾಣೆನಾ? ಒಂದು ಬೆಂಕಿ ಆಗಿದೆ. ನನ್ನ ಮೇಲೇ ಅನುಮಾನ ಇದೆ. ಕಂಪ್ಲೇಂಟ್ ನಾನೇ ಕೊಡ್ತಿದ್ದೀನಿ, ಬಂದು ತನಿಖೆ ಮಾಡಿ."

"ಸುಮ್ನೆ ಯಾಕಮ್ಮ ಇದೆಲ್ಲ..." ಎಂದು ಶಂಭುಲಿಂಗಯ್ಯ ನಿಟ್ಟುಸಿರಿಟ್ಟರು.

ಹತ್ತೂವರೆಗೆ ಸ್ಕೂಟರಿನಲ್ಲಿ ಬಂದಿಳಿದವರು ಎಎಸ್ಐ ಗಿರಿಜಾಂಬಿಕಾ. ಕಂದಿಕೆರೆಯವರು, ನಿವೃತ್ತಿಗೆ ಎರಡು ವರ್ಷ ಬಾಕಿ. ಜೇಬಿನಿಂದ ಕೊಬ್ಬರಿ ಚೂರು, ಬೆಲ್ಲ ತೆಗೆದು ಬಾಯಿಗೆ ಹಾಕಿಕೊಂಡು ಬೂದಿಯ ಸುತ್ತ ನಿಧಾನವಾಗಿ ನಡೆದರು. ಒಂದು ಕೋಲಿನಿಂದ ಕೆದಕಿದರು. ಬಗ್ಗಿ ಮೂಸಿದರು. ಟ್ಯಾಂಕನ್ನು ಬೆರಳಿನಿಂದ ತಟ್ಟಿ ನೋಡಿದರು. ಇಷ್ಟು ಹೊತ್ತು ತಡೆದಿದ್ದ ವರ್ಷಿಣಿಯ ಸಿಟ್ಟು ಆ ನಿಧಾನಕ್ಕೇ ಉಕ್ಕುವಂತಾಯಿತು.

ಆಮೇಲೆ ಒಬ್ಬೊಬ್ಬರನ್ನೇ ಕರೆದರು. ವರ್ಷಿಣಿಯನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡರು.

ಮೊದಲು ಮೋಹನ್ ಕುಮಾರ್. ವರ್ಷಿಣಿಯ ಯೋಜನೆಗೆ ಬೆಂಗಳೂರಿನಿಂದ ಬಂದ ಎಂಜಿನಿಯರು. ಯಂತ್ರವನ್ನೆಲ್ಲ ಬೆಂಗಳೂರಿಗೇ ಸಾಗಿಸಬೇಕೆಂದು ವರ್ಷದಿಂದ ಹಟ ಹಿಡಿದವನು.

"ಬೆಂಕಿ ಬಿದ್ದಾಗ ಎಲ್ಲಿದ್ರಿ?"

"ತುರುವೇಕೆರೆಗೆ ಊಟಕ್ಕೆ ಹೋಗಿದ್ದೆ ಮೇಡಂ. ಬರೋ ಹೊತ್ತಿಗೆ ಹೊತ್ತಿ ಉರೀತಿತ್ತು."

"ಎಷ್ಟು ಸಲ ಡಬ್ ಅಂತು?"

"ಏನು?"

"ಶಬ್ದ ಕಣ್ರೀ. ಸಿಡಿದ ಶಬ್ದ."

"ಓ... ಬೈಕ್ ನಿಲ್ಲಿಸೋ ಅಷ್ಟರಲ್ಲೇ ಎಂಟೋ ಹತ್ತೋ ಕೇಳಿದೆ. ಪೈಪಿನಲ್ಲಿ ಗ್ಯಾಸ್ ಉಳಿದಿತ್ತೇನೋ."

"ಸರಿ, ಹೋಗಿ." ಅಷ್ಟೇ!

ಕಲ್ಲೇಶ್ ಬಂದ. ಎದೆಯುಬ್ಬಿಸಿ ನಿಂತ.

"ನಿಂಗೂ ಈ ಹುಡುಗಿಗೂ ಆಗಲ್ವಂತೆ?"

"ಆಗಲ್ಲ. ಹೊಟ್ಟೆ ಮೇಲೆ ಹೊಡುದ್ರೆ ಯಾರಿಗಾಯ್ತದೆ? ಅದುಕ್ಕೆ ಬೆಂಕಿ ಇಕ್ಕೋ ಜನ ಅಲ್ಲ ನಾವು."

"ಗುಂಡಿಗೆ ಚಿಪ್ಪು ಎಲ್ಲಿಂದ ತತ್ತೀಯ ಈಗ?"

"ಅಲ್ಲಿ ಇಲ್ಲಿ. ಹೋದ ತಿಂಗ್ಳು ಯಜಮಾನ್ರೇ ಕರ್ದು ಎರಡು ಟ್ರ್ಯಾಕ್ಟರು ಕೊಟ್ರು. ಮೇಡಮ್ಮಂಗೆ ಯೋಳ್ಬೇಡ ಅಂದ್ರು." ಕಲ್ಲೇಶ್ ವರ್ಷಿಣಿಯ ಕಡೆ ನೋಡಿ ಮೀಸೆಯಡಿ ನಕ್ಕ.

"ಡಬ್ ಅಂದಿದ್ದು ಎಷ್ಟು ಸಲ?"

"ಎಣಿಸ್ದೋರ್ಯಾರು? ಪಟಾಕಿ ಸರ ಹಚ್ದಂಗಿತ್ತು. ಗುಂಡಿ ತಾವ್ಲಿಂದ್ಲೇ ಕೇಳಿಸ್ತು."

ಚಿಕ್ಕಗೌರಮ್ಮನಿಗೂ ಅದೇ ಪ್ರಶ್ನೆ.

"ಎಷ್ಟೋ ಸಲ ಕಣವ್ವ. ನೀರು ಉಯ್ಯೋಕೆ ಮುಂದುಕ್ಕೋದ್ರೆ ಡಬ್ ಅನ್ನೋದು, ಹಿಂದುಕ್ ಓಡ್ಬರೋದು. ಕಾಲು ಗಂಟೆ ಅದೇ ಆಯ್ತು."

ಕೊನೆಗೆ ಶಂಭುಲಿಂಗಯ್ಯ. ಗಿರಿಜಾಂಬಿಕಾ ಎದ್ದು ನಿಂತು ಕೈ ಮುಗಿದರು. ಹಿರಿಯರಿಗೆ ಕೊಡುವ ಮರ್ಯಾದೆಯಲ್ಲಿ ಚೂರೂ ಕಡಿಮೆಯಿಲ್ಲ.

"ನೀವು ಎಲ್ಲಿದ್ರಿ ಯಜಮಾನ್ರೇ?"

"ಇಲ್ಲೇ, ಜಗಲಿ ಮೇಲೆ. ಊಟ ಮಾಡಿ ಹಂಗೇ ಒರಗಿದ್ದೆ."

"ಅಟ್ಟದ ಬೀಗದ ಕೈ?"

"ಇಕಾ, ಉಡದಾರದಾಗೆ. ಬೇರೆಯವ್ರ ಮಾಲು ನೋಡ್ರಿ, ಮಗನ ಕೈಗೂ ಕೊಡಲ್ಲ."

"ಡಬ್ ಅಂದಿದ್ದು ಎಷ್ಟು ಸಲ?"

ಶಂಭುಲಿಂಗಯ್ಯ ವರ್ಷಿಣಿಯ ಶೆಡ್ಡಿನ ಕಡೆ ನೋಡಿದರು.

"ಒಂದೇ ಸಲ."

"ಒಂದೇ?"

"ಒಂದೇ ಕಣಮ್ಮ. ಭೂಮಿ ನಡುಗಂಗೆ. ಆ ಟ್ಯಾಂಕಿನ ಕಡೆಯಿಂದ."

ಅವರು ಅತ್ತ ಹೋದದ್ದೇ ತಡ, ವರ್ಷಿಣಿ ಸಿಡಿದಳು.

"ಮೇಡಂ, ಬೆಂಕಿ ಯಾರಿಟ್ರು ಅಂತ ಒಬ್ಬರನ್ನಾದ್ರೂ ಕೇಳಿದ್ರಾ? ಮೂರು ವರ್ಷದ ಕೆಲಸ ಮಣ್ಣುಪಾಲಾಗ್ತಿದೆ, ನೀವು ಡಬ್ ಡಬ್ ಎಣಿಸ್ತಾ ಕೂತಿದ್ದೀರಿ!"

"ನೀನು ಎಣಿಸಿದ್ಯಾ?"

"ನಾನಿರಲಿಲ್ಲ. ಸಿಡೀತು ಅಂತ ಎಲ್ಲರೂ ಹೇಳಿದ್ರು."

"ಎಷ್ಟು ಸಲ ಅಂತ ನೀನು ಕೇಳ್ಲಿಲ್ಲ. ಇಷ್ಟು ಓದಿದೋಳು!" ಗಿರಿಜಾಂಬಿಕಾ ಬೆಲ್ಲದ ಚೂರೊಂದನ್ನು ಅವಳ ಅಂಗೈಯಲ್ಲಿಟ್ಟರು. "ಬಾಯಿ ಸಿಹಿ ಮಾಡ್ಕೊಂಡು ಬಾ. ಎಲ್ಲರನ್ನೂ ಕರಿ."

ಬೂದಿಯ ಸುತ್ತ ಜನ ನಿಂತರು.

"ವರ್ಷಿಣಿ, ನಿನ್ನ ಟ್ಯಾಂಕು ಒಡೆದೈತಾ?"

"ಇಲ್ಲ. ಇಡಿಯಾಗೇ ಇದೆ. ಒಂದು ಬಿರುಕಿಲ್ಲ."

"ಹೈಡ್ರೋಜನ್ ಸಿಡಿದ್ರೆ ಎಷ್ಟು ಸಲ ಸಿಡೀತದೆ?"

"ಮುಚ್ಚಿದ ಜಾಗದಲ್ಲಿ ತುಂಬ್ಕೊಂಡು ಹತ್ತಿದ್ರೆ ಒಂದೇ ಬಡಿತ. ಬಯಲಿಗೆ ಬಂದ್ರೆ ಸಿಡಿಯೋದೂ ಇಲ್ಲ. ಗಾಳಿಗಿಂತ ಹಗುರ, ಮೇಲಕ್ಕೆ ಹೋಗ್ಬಿಡುತ್ತೆ, ಹತ್ತಿದ್ರೂ ಉರ್ಕೊಂಡೇ ಹೋಗುತ್ತೆ. ಕಾಲು ಗಂಟೆ ಪಟಾಕಿ ಥರ..." ಮಾತು ಅಲ್ಲಿಗೇ ನಿಂತಿತು. ಅವಳ ಕಣ್ಣು ಬೂದಿಯ ಕಡೆ ಹೊರಳಿತು. "ಕಾಲು ಗಂಟೆ ಅದು ಸಿಡಿಯಲ್ಲ!"

"ಮತ್ತೆ ಸಿಡಿದಿದ್ದು ಏನು? ತೆಂಗಿನ ಸೀಮೆಯೋರು ನೀವು, ಹೇಳ್ರಪ್ಪ. ಬೆಂಕಿಗೆ ಹಾಕಿದ್ರೆ ಡಬ್ ಅನ್ನೋದು ಯಾವುದು?"

ಕೊನೆಗೆ ಕಲ್ಲೇಶನೇ ಗೊಣಗಿದ. "ನೀರಿರೋ ಕಾಯಿ."

"ಅಟ್ಟದ ಮ್ಯಾಲೆ ಎಂಥ ಕಾಯಿತ್ತು ಚಿಕ್ಕಗೌರಮ್ಮ?"

"ಹನ್ನೊಂದು ತಿಂಗ್ಳ ಕಾಯಿ. ಒಂದ್ರಾಗೂ ನೀರಿಲ್ಲ. ನಾನೇ ಹೋದ ಸಂಕ್ರಾಂತಿಲಿ ಅಲ್ಲಾಡ್ಸಿ ನೋಡೀನಿ, ಆಗ್ಲೇ ಗಿಟಗಿಟ ಅಂತಿತ್ತು."

ಗಿರಿಜಾಂಬಿಕಾ ಗೋಡೆಯ ಮೂಲೆಯ ಕೆಸರಿನಿಂದ ಒಂದು ಕಾಯಿ ಎತ್ತಿದರು. ಅಟ್ಟ ಕುಸಿದಾಗ ಉರುಳಿ ಬಂದು ನೀರಿನಲ್ಲಿ ಉಳಿದುಕೊಂಡದ್ದು. ಮಟ್ಟೆ ಒಂದು ಕಡೆ ಸುಟ್ಟಿತ್ತು. ಅದನ್ನು ಚಿಕ್ಕಗೌರಮ್ಮನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಗುಳುಗುಳು ಎಂದಿತು.

ಚಿಕ್ಕಗೌರಮ್ಮ ಕಾಯಿಯನ್ನು ಕಿತ್ತುಕೊಂಡು ತಾನೇ ಅಲ್ಲಾಡಿಸಿದಳು. ಮತ್ತೊಮ್ಮೆ ಅಲ್ಲಾಡಿಸಿದಳು.

"ಇದು ನಂದಲ್ಲ! ನಿನ್ನೆ ಮೊನ್ನೆ ಕೆಡವಿದ್ ಕಾಯಿ ಇದು. ನನ್ ಕೊಬ್ಬರಿ ಎಲ್ಲಿ ಹೋಯ್ತು?"

"ಅದನ್ನ ಯಜಮಾನ್ರು ಹೇಳ್ಬೇಕು."

ಎಲ್ಲರ ತಲೆಯೂ ಒಟ್ಟಿಗೇ ತಿರುಗಿತು. ಶಂಭುಲಿಂಗಯ್ಯ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ನನ್ಯಾಕಮ್ಮ ಕೇಳ್ತೀರಿ? ಯಾರೋ ಕಳ್ರು ಬದಲಾಯ್ಸಿರ್ಬೋದು."

"ಬೀಗದ ಕೈ ಮಗಂಗೂ ಕೊಡಲ್ಲ ಅಂದ್ರಿ. ಅದು ಬುಡಿ. ಅರ್ಧ ಮೈಲಿ ದೂರದ ಕಲ್ಲೇಶಂಗೆ ಪಟಾಕಿ ಸರ ಕೇಳಿಸ್ತು. ಬೈಕಲ್ಲಿ ಬಂದ ಬೆಂಗಳೂರಿನೋರಿಗೆ ಎಂಟು ಹತ್ತು ಕೇಳಿಸ್ತು. ಇಪ್ಪತ್ತು ಹೆಜ್ಜೆ ದೂರದ ಜಗಲೀಲಿದ್ದ ನಿಮ್ಗೆ ಮಾತ್ರ ಒಂದೇ ಕೇಳಿಸ್ತು. ಯಾಕೆ?"

ಶಂಭುಲಿಂಗಯ್ಯ ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು.

"ಯಾಕಂದ್ರೆ ಆ ಶಬ್ದ ಏನು ಅಂತ ಗೊತ್ತಿದ್ದೋರು ನೀವೊಬ್ರೇ. ಊರಿನೋರ ತಲೇಲಿ ಗ್ಯಾಸು ಕೂತಿತ್ತು, ಕೇಳ್ಸಿದ್ದೆಲ್ಲ ಗ್ಯಾಸೇ ಆಯ್ತು. ನಿಮ್ಗೆ ಮೊದಲ್ನೇ ಡಬ್‌ಗೇ ಎದೆ ಒಡೆದಿರ್ಬೇಕು. ಕಾಯಿ ಸಿಡಿದಿದ್ದು ತಿಳೀಬಾರ್ದು ಅಂತ ಒಂದೇ ಸಲ, ಟ್ಯಾಂಕಿಂದು ಅಂದ್ರಿ. ಚಿಕ್ಕಗೌರಮ್ಮನ ಕೊಬ್ಬರಿ ಹೋದ ತಿಂಗಳೇ ಒಡೆದು ಸಾಗಿಸಿದ್ರಿ. ಅದರ ಚಿಪ್ಪೇ ಕಲ್ಲೇಶಂಗೆ ಕೊಟ್ಟಿದ್ದು. ವರ್ಷಿಣಿಗೆ ಕೊಟ್ಟಿದ್ರೆ ಯಾರ ತೋಟದ್ದು ಅಂತ ಕೇಳ್ತಾಳೆ, ಅಲ್ವಾ? ಅಟ್ಟ ಬರಿದಾಗಿ ಕಾಣ್ಬಾರ್ದು ಅಂತ ಹೊಸ ಕಾಯಿ ಪೇರಿಸಿದ್ರಿ. ಈಯಮ್ಮ ಇಳಿಸೋಕೆ ಬತ್ತೀನಿ ಅಂದ ವಾರವೇ ಬೆಂಕಿ. ಹೆದರೋಕೆ ಊರಿಗೊಂದು ಹೆಸರು ಬೇಕಿತ್ತು, ಹೈಡ್ರೋಜನ್ ಸಿಕ್ತು."

"ಜಾಗ ಕೊಟ್ಟೋನು ನಾನು ಕಣಮ್ಮ..." ಶಂಭುಲಿಂಗಯ್ಯನವರ ದನಿ ಕುಗ್ಗಿತ್ತು.

"ಹೌದು," ಎಂದಳು ವರ್ಷಿಣಿ. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. "ಅದಕ್ಕೇ ನಿಮ್ಮನ್ನ ನಾನು ಅನುಮಾನಿಸಲೇ ಇಲ್ಲ. ನನ್ನ ಕೈಲಿ ಸೈನ್ ಹಾಕಿಸಿದ್ರೆ ನೀವು ಗೆದ್ದಿದ್ರಿ ಯಜಮಾನ್ರೇ. ನಾನು ಹಾಕಲಿಲ್ಲ."

ಶಂಭುಲಿಂಗಯ್ಯನವರು ತಲೆ ಎತ್ತಲಿಲ್ಲ. ಗಿರಿಜಾಂಬಿಕಾ ಅವರನ್ನು ಠಾಣೆಗೆ ಕರೆದೊಯ್ಯಲು ಜೀಪು ತರಿಸಿದರು. ಜೀಪು ಹೋದ ಮೇಲೂ ಜನ ಕದಲಲಿಲ್ಲ. ಕ್ಷಮಿಸು ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಬೈಯಲು ಮಾತ್ರ ಎಲ್ಲರಿಗೂ ಬಂದಿತ್ತು.

ಮೋಹನ್ ಕುಮಾರ್ ಮೆಲ್ಲಗೆ ಹತ್ತಿರ ಬಂದ. "ಆದ್ರೂ ವರ್ಷಿಣಿಯವರೇ, ಈಗ ಶೆಡ್ಡಿಗೆ ಜಾಗವಿಲ್ಲ. ಬೆಂಗಳೂರಿಗೆ ಶಿಫ್ಟ್ ಮಾಡೋದೇ ಒಳ್ಳೇದು. ಈ ಜನ ಇನ್ನೂ ಹೆದರ್ತಾರೆ."

"ಹೆದರಲಿ. ಹೆದರಿದೋರ ಮುಂದೇನೇ ಓಡಿಸಿ ತೋರಿಸ್ಬೇಕು. ಚಿಪ್ಪು ಇಲ್ಲಿದೆ, ಕೆಲಸಾನೂ ಇಲ್ಲೇ. ಜಾಗ ಸಿಗದಿದ್ರೆ ರಸ್ತೆ ಪಕ್ಕ ಇಡ್ತೀನಿ."

"ರಸ್ತೆ ಪಕ್ಕ ಯಾಕೆ?" ಎಂದಳು ಹಿಂದಿನಿಂದ ಚಿಕ್ಕಗೌರಮ್ಮ. ನೀರಿನ ಕಾಯಿ ಇನ್ನೂ ಅವಳ ಕಂಕುಳಲ್ಲಿತ್ತು. "ನಮ್ ತೋಟದಾಗೆ ಜಾಗ ಇಲ್ವಾ?"

ವರ್ಷಿಣಿ ತಿರುಗಿ ನೋಡಿದಳು. "ನಿಮಗೆ ಭಯ ಇಲ್ವಾ ಗೌರಮ್ಮಾರೇ?"

"ಐತೆ. ಯಾಕಿರಲ್ಲ? ನಿನ್ ಗ್ಯಾಸು ಕಣ್ಣಿಗೆ ಕಾಣಲ್ಲ, ಮೂಗಿಗೆ ತಿಳಿಯಲ್ಲ. ಆದ್ರೆ ಹನ್ನೊಂದು ತಿಂಗ್ಳು ಮನುಷ್ಯನ್ನ ನಂಬಿ ಹಿಂಗಾದೆ. ಇದುನ್ನೂ ಒಂದ್ ಸಲ ನೋಡಾನ ಬುಡು. ನಾನು ಎದುರಿಗೇ ಕುಂತ್ಕತೀನಿ."

"ನಾಳೆ ಬೆಳಿಗ್ಗೆ ಟ್ಯಾಂಕು ಸಾಗಿಸೋಣ."

"ನಾಳೆ ಯಾಕೆ? ಇನ್ನೂ ಹೊತ್ತೈತೆ," ಎಂದು ಚಿಕ್ಕಗೌರಮ್ಮ ಸೆರಗು ಬಿಗಿದಳು. ಸುಮ್ಮನೆ ನಿಂತಿದ್ದ ಕಲ್ಲೇಶನ ಕಡೆ ತಿರುಗಿ ಗದರಿದಳು: "ಏನ್ಲಾ ನೋಡ್ತೀಯ? ಆ ಕಡೆ ಹಿಡ್ಕೊ!"